ಒಬ್ಬರೇ ಆಡಲು ಹಳೆಯ ವಾರ್‌ಗೇಮ್: ಎಸ್‌ಪಿ ರೋಡಿನ ಸಿಡಿಯೋ, ಜಿಒಜಿ ಡೌನ್‌ಲೋಡೋ?

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೂತು, ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಹಳೆಯ ವಾರ್‌ಗೇಮ್ (ಸೈನ್ಯ ನಡೆಸಿ ಕದನ ಗೆಲ್ಲುವ ಆಟ) ಆಡಬೇಕೆಂದರೆ ನನ್ನ ಮೊದಲ ಆಯ್ಕೆ ಜಿಒಜಿ, ಅಂದರೆ ಆಟಗಳನ್ನು ಡೌನ್‌ಲೋಡಿಗೆ ಮಾರುವ ವೆಬ್ ಅಂಗಡಿ. ಎರಡನೆಯದು ವಿನ್‌ಎಸ್‌ಪಿಎಂಬಿಟಿ ಅನ್ನುವ, ಪುಕ್ಕಟೆ ಸಿಗುವ ವಾರ್‌ಗೇಮ್. ಎಸ್‌ಪಿ ರೋಡ್, ಅವೆನ್ಯೂ ರೋಡ್ ಕಡೆ ಕೈಗೆ ಬರುವ ಹಳೆಯ ಸಿಡಿ ಕೊನೆಗೆ. ನೂರು ರೂಪಾಯಿಗೆ ಸಿಕ್ಕರೂ ಅದು ಅಗ್ಗವಲ್ಲ.

ಸಿಡಿ ಕೊಳ್ಳಲೇಬೇಕು ಅನ್ನುವವರು ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ ಒಂದಿದೆ. ಹೊಳೆಯುವ ಬದಿಯ ಗೀರು ನೋಡಿ ಗಾಬರಿಯಾಗಬೇಡಿ, ಎಷ್ಟೋ ಸಲ ಓದುತ್ತದೆ. ಸಿಡಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ವಾಪಸ್ ಇಟ್ಟುಬಿಡಿ. ದತ್ತಾಂಶ ಇರುವ ಪದರ ಲೇಬಲಿನ ಕೆಳಗೇ ಅಂಟಿಕೊಂಡಿರುತ್ತದೆ, ಅದು ಉದುರಿದರೆ ಯಾವ ಪಾಲಿಶ್ ಹಾಕಿದರೂ ಬರುವುದಿಲ್ಲ. ಪತ್ರಿಕೆಗಳ ಜೊತೆ ಬರುತ್ತಿದ್ದ ಡೆಮೊ ಸಿಡಿಗಳೂ ಆ ರಾಶಿಯಲ್ಲೇ ಇರುತ್ತವೆ. ಅವುಗಳಲ್ಲಿ ಒಂದೆರಡು ಕದನ ಬಿಟ್ಟರೆ ಬೇರೇನೂ ಇರುವುದಿಲ್ಲ.

ನಿಜವಾದ ತಲೆನೋವು ಮನೆಗೆ ಬಂದಮೇಲೆ. 1995ರಿಂದ 1998ರ ನಡುವಿನ ಬಹಳಷ್ಟು ವಿಂಡೋಸ್ ಆಟಗಳು 32 ಬಿಟ್‌ನವು, ಆದರೆ ಅವನ್ನು ಕೂರಿಸುವ ಸೆಟಪ್ ಫೈಲು ಅದಕ್ಕೂ ಹಳೆಯ 16 ಬಿಟ್ ಕಾಲದ್ದು. ಇವತ್ತಿನ 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಮುಟ್ಟುವುದೇ ಇಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಅಷ್ಟೇ. ಅಂದರೆ ಆಟ ಓಡಬಲ್ಲದು, ಒಳಗೆ ಬರಲು ಬಾಗಿಲಿಲ್ಲ. ದಾರಿ ಇದೆ: ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಅಲ್ಲಿ ಇನ್‌ಸ್ಟಾಲ್ ಮಾಡಿ, ಇಡೀ ಫೋಲ್ಡರನ್ನು ಹೊರಗೆ ನಕಲು ಮಾಡುವುದು. ಆಟ ವಿಂಡೋಸ್‌ನ ಸೆಟ್ಟಿಂಗ್ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ತನ್ನ ವಿಳಾಸ ಹುಡುಕುವ ಜಾತಿಯದ್ದಾದರೆ ಆ ನಮೂದನ್ನೂ ರಫ್ತು ಮಾಡಿಕೊಂಡು ತರಬೇಕು.

ಅದಾದಮೇಲೆ ಸೇಫ್‌ಡಿಸ್ಕ್. 1998ರ ನಂತರ ಬಂದ ಹಲವು ಸಿಡಿಗಳಲ್ಲಿ ಈ ನಕಲು ತಡೆ ಇದೆ. ಅದಕ್ಕೆ ಬೇಕಾದ ಡ್ರೈವರನ್ನು (ವಿಂಡೋಸ್‌ನೊಳಗೆ ಕೂರುವ ಸಹಾಯಕ ತಂತ್ರಾಂಶ) ಭದ್ರತೆಯ ಕಾರಣಕ್ಕೆ ವಿಂಡೋಸ್ 10ರಿಂದ ತೆಗೆದೇಬಿಟ್ಟಿದ್ದಾರೆ, ಹಾಗಾಗಿ ಅಸಲಿ ಸಿಡಿ ಡ್ರೈವಿನಲ್ಲಿದ್ದರೂ ಆಟ ಶುರುವಾಗುವುದಿಲ್ಲ. ಯಾವುದೋ ಸೈಟಿನಿಂದ ಆ ಡ್ರೈವರ್ ತಂದು ಹಾಕಬೇಡಿ. ಅದನ್ನು ತೆಗೆದದ್ದೇ ಅದರಲ್ಲಿ ತೂತಿದೆ ಅಂತ.

ಇಷ್ಟೆಲ್ಲ ದಾಟಿದಮೇಲೆ ನಕ್ಷೆಯ ಹುಲ್ಲು ನೇರಳೆ ಬಣ್ಣದಲ್ಲಿ ಕಂಡರೆ ಅದು ಹಳೆಯ ಆಟಗಳು ಬಳಸುವ 256 ಬಣ್ಣಗಳ ಪಟ್ಟಿಯ, ಅಂದರೆ ಪ್ಯಾಲೆಟ್ಟಿನ ಗಲಾಟೆ. ಸಿಎನ್‌ಸಿ-ಡಿಡ್ರಾ ಅನ್ನುವ ಪುಟ್ಟ ಉಪಕರಣದ ಡಿಎಲ್‌ಎಲ್ ಫೈಲನ್ನು ಆಟದ ಫೋಲ್ಡರಿಗೇ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವಿಂಡೋಸ್‌ಗಿಂತ ಹಿಂದಿನ ಡಾಸ್ ವ್ಯವಸ್ಥೆಗೆ ಬರೆದ ಆಟಗಳು ಇದಕ್ಕಿಂತ ವಾಸಿ. 1994ರ ಪ್ಯಾಂಜರ್ ಜನರಲ್ ತರದವು ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಸಲೀಸಾಗಿ ಓಡುತ್ತವೆ. ಸಿಡಿಯನ್ನು ಕಂಪ್ಯೂಟರಿನಲ್ಲಿ ಫೈಲಾಗಿ ಪ್ರತಿ ಮಾಡಿಕೊಳ್ಳುವಾಗ ಮಾತ್ರ ಐಎಸ್‌ಒ ಬಗೆಯ ಫೈಲು ಬೇಡ, ಬಿನ್ ಮತ್ತು ಕ್ಯೂ ಅನ್ನುವ ಫೈಲುಗಳ ಜೋಡಿ ಮಾಡಿ. ಹಾಡನ್ನು ಆಡಿಯೋ ಟ್ರ್ಯಾಕ್ ಆಗಿ ಇಟ್ಟ ಸಿಡಿಗಳಲ್ಲಿ ಐಎಸ್‌ಒಗೆ ಆ ಟ್ರ್ಯಾಕುಗಳು ಬರುವುದಿಲ್ಲ, ಆಟ ಮೂಕವಾಗುತ್ತದೆ.

ಜಿಒಜಿಯಲ್ಲಿ ಈ ಯಾವ ರಗಳೆಯೂ ನಮ್ಮ ತಲೆಗೆ ಬರುವುದಿಲ್ಲ. ಡಾಸ್ ಆಟವಾದರೆ ಡಾಸ್‌ಬಾಕ್ಸ್ ಒಳಗೇ ಹೊಂದಿಸಿ ಕೊಟ್ಟಿರುತ್ತಾರೆ. ಇನ್‌ಸ್ಟಾಲರನ್ನು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡರೆ ಮುಂದೆ ಇಂಟರ್ನೆಟ್ ಇಲ್ಲದೆಯೂ ಹಾಕಬಹುದು. ಕೈಪಿಡಿಯ ಪಿಡಿಎಫ್ ಸಾಮಾನ್ಯವಾಗಿ ಜೊತೆಗೇ ಬರುತ್ತದೆ, ಈ ಜಾತಿಯ ಆಟಕ್ಕೆ ಅದು ಪ್ರಾಣ. ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಮುದ್ರಿಸಿ ಸ್ಪೈರಲ್ ಹಾಕಿಸಿ, ಆಯುಧಗಳ ಕೋಷ್ಟಕ ಮೇಜಿನ ಮೇಲಿರಲಿ. ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾದರೆ ಬ್ಯಾಂಕ್ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ಬಳಕೆ ಆಫ್ ಆಗಿದೆಯೇ ನೋಡಿ. 2020ರಿಂದ ಹೊಸ ಕಾರ್ಡುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು.

ಸ್ಟೀಮ್ ಅನ್ನುವ ಇನ್ನೊಂದು ವೆಬ್ ಅಂಗಡಿಯಲ್ಲಿ ಬೆಲೆ ರೂಪಾಯಿಯಲ್ಲೇ ಇದೆ ನಿಜ. ಆದರೆ ಅಲ್ಲಿ ಹಣ ವಾಪಸಿಗೆ ಆಟದ ಮಿತಿ ಎರಡು ಗಂಟೆ, ವಾರ್‌ಗೇಮಿನಲ್ಲಿ ಅದು ಮೊದಲ ಕದನಕ್ಕೇ ಸಾಲದು. ಜಿಒಜಿಯಲ್ಲಿ ಆಡಿದಮೇಲೂ 30 ದಿನ ಇದೆ. ಬ್ರೌಸರಿನಲ್ಲೇ ಓಡುವ ಡಾಸ್ ಆಟಗಳು ರುಚಿ ನೋಡಲು ಸಾಕು, ಸೇವ್ ನಂಬುವಂತಿಲ್ಲ.

ವಿನ್‌ಎಸ್‌ಪಿಎಂಬಿಟಿ ಬಗ್ಗೆ ನನಗೆ ತುಂಬ ಪ್ರೀತಿ. ಇದು ಎಸ್‌ಎಸ್‌ಐ ಕಂಪನಿಯ ಹಳೆಯ ಆಟ ಸ್ಟೀಲ್ ಪ್ಯಾಂಥರ್ಸ್ ವಂಶದ್ದು, 1946ರಿಂದ ಈಚಿನ ಸೈನ್ಯಗಳೆಲ್ಲ ಇವೆ, ಭಾರತ ಪಾಕಿಸ್ತಾನವೂ ಸೇರಿ. ಡಿಸೆಂಬರ್ 1971 ಎಂದು ಹಾಕಿ ಭಾರತದ ಸೆಂಚುರಿಯನ್ ಟ್ಯಾಂಕುಗಳನ್ನು ನೀವು ತಗೊಂಡು, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಕಂಪ್ಯೂಟರಿಗೆ ಕೊಟ್ಟು, ಆ ಯುದ್ಧದ ಬಸಂತರ್ ಟ್ಯಾಂಕ್ ಕಾಳಗದ ತರದ ಕದನ ಕಟ್ಟಬಹುದು. ದಾಳಿ ನಿಮ್ಮದಿರಲಿ, ರಕ್ಷಣೆ ಅದರದ್ದು. ಹಳೆಯ ಆಟಗಳ ಎಐ, ಅಂದರೆ ಕಂಪ್ಯೂಟರ್ ಎದುರಾಳಿ, ದಾಳಿ ಮಾಡುವಾಗ ಗುರಿಯತ್ತ ಸಾಲಾಗಿ ನುಗ್ಗಿ ಸಾಯುತ್ತದೆ. ಮರೆಯಲ್ಲಿ ಕೂತಾಗ ಮಾತ್ರ ಬೆವರಿಳಿಸುತ್ತದೆ. ಜಿಒಜಿಯಲ್ಲಿ ಸಿಗುವ 2000ದ ಕಾಂಬ್ಯಾಟ್ ಮಿಷನ್‌ನಲ್ಲೂ ಇದೇ ಕಥೆ, ಅಲ್ಲಿ ಎದುರಾಳಿಯ ಅನುಭವ ಒಂದು ಮೆಟ್ಟಿಲು ಏರಿಸಿಟ್ಟರೆ ಆಟ ಬಿಗಿಯಾಗುತ್ತದೆ.

ಯಾವುದನ್ನೇ ಹಾಕಿ, ಪ್ರೋಗ್ರಾಂ ಫೈಲ್ಸ್ ಒಳಗೆ ಬೇಡ. ಹಳೆಯ ಆಟಗಳು ತಮ್ಮ ಫೋಲ್ಡರಿನಲ್ಲೇ ಸೇವ್ ಬರೆಯುತ್ತವೆ, ಅಲ್ಲಿ ವಿಂಡೋಸ್ ಬಿಡುವುದಿಲ್ಲ. ಸಿ ಡ್ರೈವಿನಲ್ಲೇ ಬೇರೆ ಫೋಲ್ಡರ್ ಮಾಡಿ. ಡಾಸ್‌ಬಾಕ್ಸ್‌ನಲ್ಲಿ ಕಂಪ್ಯೂಟರಿನ ಸರದಿ ಎಳೆಯುತ್ತಿದ್ದರೆ ಆಲ್ಟ್ ಮತ್ತು ಎಫ್12 ಒತ್ತಿ ಹಿಡಿಯಿರಿ, ವೇಗ ಹೆಚ್ಚುತ್ತದೆ.

ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ಮನೆ ಸೇರಿದಮೇಲೆ ರಾತ್ರಿ ಒಂದು ಗಂಟೆ ಆಡುವುದು ನನ್ನ ಅಭ್ಯಾಸ. ಆ ಗಂಟೆ ಡ್ರೈವರ್ ಹುಡುಕುತ್ತ ಹೋಗಬಾರದು. ಬಜೆಟ್ ಸೊನ್ನೆಯಾದರೆ ವಿನ್‌ಎಸ್‌ಪಿಎಂಬಿಟಿ ಒಂದೇ ವರ್ಷಗಟ್ಟಲೆ ಸಾಕು. ದುಡ್ಡು ಹಾಕುವುದಾದರೆ ಜಿಒಜಿಯ ರಿಯಾಯಿತಿ ಬರುವವರೆಗೆ ಕಾದು ಒಂದು ಆಟ ತಗೊಳ್ಳಿ, ಅದನ್ನು ಮುಗಿಸಿಯೇ ಇನ್ನೊಂದು. ಅಲ್ಲಿ ಇಲ್ಲದ ಆಟವೇ ಬೇಕೆಂದಾಗ ಮಾತ್ರ ಸಿಡಿ, ಅದೂ ಡಾಸ್ ಕಾಲದ್ದಾದರೆ, ಕೈಪಿಡಿ ಸಮೇತ ಇದ್ದರೆ.