ಎಸ್‌ಎಪಿ ಪಿಐ: ಕಾದು ಕೂರುವ ಮೆಸೇಜು, ಕೊಟ್ಟು ಹೋಗುವ ಮೆಸೇಜು

ಒಂದು ಕಂಪ್ಯೂಟರ್ ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ಮಾಹಿತಿ (ಅಂದರೆ ಮೆಸೇಜು) ಸಾಗಿಸುವ ತಂತ್ರಾಂಶ ಎಸ್‌ಎಪಿ ಪಿಐ. ಒಂಬತ್ತು ವರ್ಷ ಅದರ ಜೊತೆ ಏಗಿದವನು ನಾನು. ಮ್ಯಾಪಿಂಗ್, ಅಡಾಪ್ಟರ್ ಅಂತೆಲ್ಲ ಕೊರೆಯುವುದಿಲ್ಲ. ಮೆಸೇಜನ್ನು ಇದು ಹೇಗೆ ಸಾಗಿಸುತ್ತದೆ ಅನ್ನುವುದಷ್ಟೇ ನನ್ನ ಮಾತು.

ಕಳಿಸಿದವನು ಉತ್ತರ ಬರುವವರೆಗೆ ಕಾದು ಕೂರುವ ಸಿಂಕ್ರನಸ್ ವಿಧಾನಕ್ಕೆ ಇದರಲ್ಲಿ 'ಬೆಸ್ಟ್ ಎಫರ್ಟ್' ಅಂತ ಹೆಸರು. ಪ್ರಾಮಾಣಿಕ ಹೆಸರೇ: ಕೈಲಾದಷ್ಟು ಮಾಡುತ್ತೇನೆ, ಆಗದಿದ್ದರೆ ನೀನೇ ಮತ್ತೆ ಕಳಿಸಿಕೋ! ಸ್ಟಾಕ್ ಎಷ್ಟಿದೆ ಎಂದು ಕೇಳುವುದಕ್ಕೆ ಇದು ಸಾಕು. ನಾನು ಶುರುವಿನಲ್ಲಿ ಪರ್ಚೇಸ್ ಆರ್ಡರ್ ಸೃಷ್ಟಿಸುವುದಕ್ಕೂ ಇದನ್ನೇ ಹಾಕಿದ್ದೆ, ಆರ್ಡರ್ ನಂಬರ್ ತಕ್ಷಣ ಸಿಗಲಿ ಅಂತ. ಆಚೆಯ ಸಿಸ್ಟಮ್ ನಿಧಾನವಾಯಿತು, ಈಚೆ ಟೈಮ್‌ಔಟ್ ಆಯಿತು, ಬಳಕೆದಾರರು ಮತ್ತೆ ಬಟನ್ ಒತ್ತಿದರು. ಒಂದರ ಜಾಗದಲ್ಲಿ ಎರಡು ಆರ್ಡರ್. ಮಾನಿಟರ್‌ನಲ್ಲಿ ಹುಡುಕಿದರೆ ಮೊದಲನೆಯದರ ಸುಳಿವೇ ಇಲ್ಲ. ತಪ್ಪಿಲ್ಲದೆ ಮುಗಿದ ಸಿಂಕ್ರನಸ್ ಮೆಸೇಜನ್ನು ಪಿಐ ಒಳಗಿನ ಇಂಟಿಗ್ರೇಷನ್ ಎಂಜಿನ್ ತಾನಾಗಿ ಉಳಿಸಿಕೊಳ್ಳುವುದಿಲ್ಲ. ಉಳಿಯಬೇಕಾದರೆ 'ಲಾಗಿಂಗ್ ಸಿಂಕ್' ಅನ್ನುವ ಸೆಟ್ಟಿಂಗನ್ನು 1ಕ್ಕೆ ಇಡಬೇಕಿತ್ತು. ನಾನು ಇಟ್ಟಿರಲಿಲ್ಲ.

ಉತ್ತರಕ್ಕೆ ಕಾಯದೆ ಕೊಟ್ಟು ಹೋಗುವ ಅಸಿಂಕ್ರನಸ್ಸಿನದು ಬೇರೆಯೇ ಗತ್ತು. 'ಎಕ್ಸಾಕ್ಟ್‌ಲಿ ಒನ್ಸ್' ಹಾಕಿದರೆ ಮೆಸೇಜು ಮೊದಲು ಡೇಟಾಬೇಸ್ ಸೇರುತ್ತದೆ, ಕಳಿಸಿದವನು ತನ್ನ ದಾರಿ ಹಿಡಿಯಬಹುದು. ಅದೇ ಮೆಸೇಜ್ ಐಡಿ ಎರಡನೇ ಸಲ ಬಂದರೆ ಅದನ್ನು ಮತ್ತೆ ಸಾಗಿಸುವುದಿಲ್ಲ. ತಲುಪದಿದ್ದರೆ ಹೊರಗಿನ ಸಿಸ್ಟಮ್‌ಗಳಿಗೆ ಕೊಂಡಿ ಹಾಕುವ ಅಡಾಪ್ಟರ್ ಎಂಜಿನ್ ಡೀಫಾಲ್ಟ್ ಆಗಿ ಐದೈದು ನಿಮಿಷ ಬಿಟ್ಟು 3 ಸಲ ತಾನೇ ಯತ್ನಿಸುತ್ತದೆ. ಅಷ್ಟಾದರೂ ಆಗದಿದ್ದರೆ ಕೈಯಿಂದ ತಳ್ಳಬೇಕು, ಆದರೆ ಮೆಸೇಜು ಕಳೆದುಹೋಗಿರುವುದಿಲ್ಲ. ರಾತ್ರಿ ನಿದ್ದೆ ಬರುವುದು ಇದರಿಂದಲೇ.

ಸರದಿ ತಪ್ಪಬಾರದು ಅಂದರೆ 'ಇಒಐಒ', ಅಂದರೆ 'ಎಕ್ಸಾಕ್ಟ್‌ಲಿ ಒನ್ಸ್ ಇನ್ ಆರ್ಡರ್'. ಇದನ್ನು ಕಂಡಕಂಡಲ್ಲಿ ಬಳಸಬೇಡಿ. ಕ್ಯೂನಲ್ಲಿ ಮೊದಲ ಮೆಸೇಜು ಕೆಟ್ಟರೆ, ಮುಂದಿನ ಗಾಡಿಯ ಎತ್ತು ಮಲಗಿದ ಹಾಗೆ, ಹಿಂದಿನದ್ದೆಲ್ಲ ನಿಂತಲ್ಲೇ. ಕ್ಯೂಗಳನ್ನು ತೋರಿಸುವ ಎಸ್‌ಎಂಕ್ಯೂ2 ಪರದೆ ತೆರೆದರೆ, ದೋಷದಿಂದ ನಿಂತಿದೆ ಎಂದು ಹೇಳುವ 'ಸಿಸ್‌ಫೇಲ್' ಅನ್ನುವ ಒಂದೇ ಪದ, ಅದರ ಹಿಂದೆ ನೂರಾರು ಮೆಸೇಜು. ಎಲ್ಲವನ್ನೂ ಒಂದೇ ಕ್ಯೂಗೆ ತುಂಬದೆ ಗ್ರಾಹಕರಿಗೊಂದರಂತೆ ಹೆಸರು ಕೊಟ್ಟು ಹಂಚಿದ ಮೇಲೆ ನನಗೆ ಉಸಿರು ಬಂತು.

ಹೊಸದಾಗಿ ಕೊಳ್ಳುವವರಿಗೆ ಪಿಐ ತಗೊಳ್ಳಿ ಎಂದು ಹೇಳಲಾರೆ, ಅದರ 7.5 ಆವೃತ್ತಿಯ ಮುಖ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುತ್ತದೆ. ಈಗಾಗಲೇ ಬಳಸುತ್ತಿರುವವರು, ಆರ್ಡರ್ ಸೃಷ್ಟಿಸುವಂಥ ಡೇಟಾ ಬರೆಯುವ ಕೆಲಸವನ್ನೆಲ್ಲ ಅಸಿಂಕ್ರನಸ್‌ಗೆ ಸರಿಸಿ. ಅದಕ್ಕೆ ನನ್ನ ಲೆಕ್ಕದಲ್ಲಿ 5ಕ್ಕೆ ನಾಲ್ಕೂವರೆ, ಸಿಂಕ್ರನಸ್‌ಗೆ ಮೂರು. ಆ ಅರ್ಧ ಕಡಿತ ಎಸ್‌ಎಂಕ್ಯೂ2 ಪರದೆಗೆ.