ಗಬ್ಬ ಪರೀಕ್ಷೆ: ಕೈಯೋ, ಫೋಟೊವೋ, ವಿಡಿಯೊವೋ?

ಇಂಜೆಕ್ಷನ್ (ಹೋರಿ ಇಲ್ಲದೆ ಗಬ್ಬ ಕಟ್ಟಿಸುವ ಕೃತಕ ಗರ್ಭಧಾರಣೆ) ಕೊಡಿಸಿದ ದನ ಗಬ್ಬ ನಿಂತಿದೆಯೋ ಇಲ್ಲವೋ ಎಂದು ತಿಳಿಯಲು ಪೆರ್ಲದ ನಮ್ಮ ಹಟ್ಟಿಯಲ್ಲಿ ಮೂರು ದಾರಿ ನೋಡಿದ್ದೇವೆ. ಡಾಕ್ಟರು ಗುದದ್ವಾರದೊಳಗೆ ಕೈ ಹಾಕಿ ಗರ್ಭಕೋಶ ಮುಟ್ಟಿ ನೋಡುವುದು ಒಂದು. ಸ್ಕ್ಯಾನ್ ಮಾಡಿ ದೂರದ ತಜ್ಞರಿಗೆ ಫೋಟೊ ಕಳಿಸುವುದು, ಇಲ್ಲವೇ ವಿಡಿಯೊ ಕಳಿಸುವುದು ಉಳಿದೆರಡು. ನನ್ನ ಮತ ವಿಡಿಯೊಗೆ. ಆದರೆ ಎಲ್ಲ ದನಕ್ಕೂ ಅದು ಬೇಕಾಗಿಲ್ಲ.

ಕೈ ಪರೀಕ್ಷೆಗೆ ಯಂತ್ರ ಬೇಡ, ನೆಟ್‌ವರ್ಕ್ ಬೇಡ. ಪಳಗಿದ ಡಾಕ್ಟರು ಎರಡು ತಿಂಗಳಿಗೆ ಧೈರ್ಯವಾಗಿ ಹೇಳುತ್ತಾರೆ. ಆದರೆ ದನ ಖಾಲಿ ಇದ್ದರೆ ಅಷ್ಟರಲ್ಲಿ 21 ದಿನಕ್ಕೊಮ್ಮೆ ಬರುವ ಬೆದೆ ಎರಡು ಸಲ ಕಳೆದುಹೋಗಿರುತ್ತದೆ. ಕೂಗುವ ದನವಾದರೆ ಗೊತ್ತಾಗುತ್ತದೆ. ಸದ್ದಿಲ್ಲದೆ ಬೆದೆಗೆ ಬರುವ ದನಗಳೇ ಕಷ್ಟ, ಅಲ್ವಾ? ಸ್ಕ್ಯಾನ್‌ನಲ್ಲಿ 28–30 ದಿನಕ್ಕೇ ತಿಳಿಯುತ್ತದೆ. ಖಾಲಿ ಎಂದಾದರೆ 42ನೇ ದಿನದ ಆಸುಪಾಸಿನ ಬೆದೆಗೆ ಕಾಯಬಹುದು.

ಇನ್ನು ಫೋಟೊ. ಪರದೆಯಲ್ಲಿ ನೀರು ಕಪ್ಪು, ಎಲುಬು ಬಿಳಿ. ಗರ್ಭಕೋಶದಲ್ಲಿ ಕಪ್ಪು ಕಂಡ ಕೂಡಲೇ ಗಬ್ಬ ಎನ್ನುವಂತಿಲ್ಲ. ಬೆದೆಯ ಹೊತ್ತಿಗೂ ಅಲ್ಲಿ ಸ್ವಲ್ಪ ನೀರು ಇರುತ್ತದೆ. ಪಕ್ಕದ ಮೂತ್ರಚೀಲವೂ ಕಪ್ಪೇ. ಒಳಗೆ ಕೀವು ಇದ್ದರೂ ಒಂದೇ ಚಿತ್ರ ನೋಡಿದವರಿಗೆ ಅನುಮಾನ ಉಳಿಯುತ್ತದೆ. ಮೊಬೈಲಿನಲ್ಲಿ ಪರದೆಯ ಫೋಟೊ ಹೊಡೆದರಂತೂ ಅಂಗಳದ ಬಿಸಿಲೆಲ್ಲ ಅದರಲ್ಲೇ ಮಿನುಗುತ್ತದೆ.

ವಿಡಿಯೊದಲ್ಲಿ ಮರಿಯ ಎದೆಬಡಿತ ಕಾಣುತ್ತದೆ. ಗಬ್ಬ ಇದೆ, ಮರಿ ಜೀವಂತ ಇದೆ, ಎರಡಕ್ಕೂ ಅದೇ ಉತ್ತರ. ಕೀವಾದರೆ ಬಿಳಿ ಚುಕ್ಕೆಗಳು ಒಳಗೆ ತೇಲಾಡುವುದು ಕಾಣುತ್ತದೆ. ಲೈವ್ ಕಾಲ್ ಇನ್ನೂ ಒಳ್ಳೆಯದು. "ಪ್ರೋಬ್ ಸ್ವಲ್ಪ ಎಡಕ್ಕೆ ತಿರುಗಿಸಿ" ಎಂದು ತಜ್ಞರೇ ಹೇಳಬಹುದು. ಪ್ರೋಬ್ ಎಂದರೆ ದನದ ಒಳಗೆ ಹಿಡಿದು ಚಿತ್ರ ತೆಗೆಯುವ ಸ್ಕ್ಯಾನ್ ಯಂತ್ರದ ತುದಿ. ಆದರೆ ಗುಡ್ಡದ ಬುಡದಲ್ಲಿರುವ ನಮ್ಮಂಥ ಮನೆಗಳಲ್ಲಿ ಕಾಲ್ ನಿಲ್ಲುವುದಿಲ್ಲ. ಅದಕ್ಕೇ ಯಂತ್ರದಲ್ಲೇ ರೆಕಾರ್ಡ್ ಮಾಡಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಚಿತ್ರ ಮಸುಕಾಗುತ್ತದೆ. ಜೊತೆಗೆ ಕಿವಿಯೋಲೆ ನಂಬರು, ಇಂಜೆಕ್ಷನ್ ಕೊಟ್ಟ ತಾರೀಕು, ವಿಡಿಯೊದಲ್ಲಿರುವುದು ಎಡ ಅಂಡಾಶಯವೋ ಬಲವೋ ಎಂದು ಬರೆಯಲೇಬೇಕು. ಅಷ್ಟು ದೂರ ಕುಳಿತವರಿಗೆ ಅದು ಚಿತ್ರದಿಂದ ತಿಳಿಯುವುದಿಲ್ಲ. ಪ್ರೋಬ್ ಹಿಡಿಯುವವರು ಮಾತ್ರ ಕಲಿತ ಡಾಕ್ಟರೇ ಆಗಿರಬೇಕು. ಸರಿಯಾದ ಜಾಗ ಪರದೆಗೆ ಬಾರದಿದ್ದರೆ ಯಾವ ತಜ್ಞರೂ ಏನೂ ಹೇಳಲಾರರು.

30 ದಿನಕ್ಕೆ ಗಬ್ಬ ಎಂದು ಕಂಡದ್ದು ಆಮೇಲೆ ಕಳೆದುಹೋಗುವುದೂ ಉಂಟು. ಹಾಗಾಗಿ ಎರಡು ತಿಂಗಳಿಗೆ ಇನ್ನೊಮ್ಮೆ ನೋಡಿಸುತ್ತೇವೆ. ಅದಕ್ಕೆ ಕೈ ಪರೀಕ್ಷೆಯೇ ಸಾಕು. ನಮ್ಮ ಕಡೆಯ ಕುಳ್ಳ ನಾಡತಳಿ ಕಾಸರಗೋಡು ಗಿಡ್ಡದ ಕಡಸುಗಳಿಗೆ ಮಾತ್ರ ಕೈ ಹಾಕುವುದೇ ಕಷ್ಟ, ಮೈ ಅಷ್ಟು ಸಣ್ಣದು. ಅಲ್ಲಿ ಕೋಲಿಗೆ ಕಟ್ಟಿದ ಪ್ರೋಬ್ ಅನುಕೂಲ.

ಒಂದೇ ಸಲಕ್ಕೆ ಗಬ್ಬ ನಿಲ್ಲುವ ದನಕ್ಕೆ ಸುಮ್ನೆ ಖರ್ಚು ಮಾಡಬೇಡಿ. ಎಷ್ಟು ಇಂಜೆಕ್ಷನ್ ಕೊಟ್ಟರೂ ನಿಲ್ಲದ ದನ ಇದೆಯಲ್ಲ, ಅದರ ಎರಡೂ ಅಂಡಾಶಯದ ವಿಡಿಯೊ ತಜ್ಞರಿಗೆ ಕಳಿಸಿ. ಅಲ್ಲಿ ದೊಡ್ಡ ನೀರುಗುಳ್ಳೆ ಕೂತಿದ್ದರೆ ಔಷಧಿ ಬೇರೆ, ಗರ್ಭಕೋಶದಲ್ಲಿ ಕೀವಿದ್ದರೆ ಬೇರೆ.