ಗೂಸ್ ಐಲ್ಯಾಂಡ್ ಹೆಬ್ಬಾತು ಹ್ಯಾಂಡಲ್: ಕಾರವಾರದ ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ

ಶಿಕಾಗೋದ ಬಿಯರ್ ತಯಾರಕರಾದ ಗೂಸ್ ಐಲ್ಯಾಂಡ್ ಬ್ರೂವರಿಯ ಹೆಬ್ಬಾತು ತಲೆಯ ಟ್ಯಾಪ್ ಹ್ಯಾಂಡಲ್ (ಬಿಯರ್ ನಲ್ಲಿಯನ್ನು ಎಳೆದು ತೆರೆಯುವ ಹಿಡಿ) ತರಿಸುವ ಯೋಚನೆ ಇದ್ದರೆ ಮೊದಲು ನಿಮ್ಮ ನಲ್ಲಿಯನ್ನು ನೋಡಿ, ಆಮೇಲೆ ಹೆಬ್ಬಾತನ್ನು. ಕಾರವಾರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಹೋಮ್‌ಸ್ಟೇ ಕೌಂಟರಿನ ಮೇಲೆ ಮೂರು ವರ್ಷ ಬಳಸಿದ ಮೇಲೆ ಹೇಳುತ್ತಿರುವ ಮಾತು ಇದು. ಹ್ಯಾಂಡಲ್ ಇನ್ನೂ ಗಟ್ಟಿಯಾಗಿದೆ. ಬಂದ ತೊಂದರೆಗಳಲ್ಲಿ ಹೆಚ್ಚಿನವು ಅದರ ಕೆಳಗಿನ ನಲ್ಲಿ, ನಟ್ಟು, ಸ್ಪ್ರಿಂಗುಗಳದ್ದು.

ಈ ನಲ್ಲಿಯಲ್ಲಿ ಬರುವುದು ಬಿಯರ್ ಅಲ್ಲ, ಮುರುಗಲು (ಪುನರ್ಪುಳಿ, ಕೋಕಂ) ಸೋಡಾ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಮನೆಯಲ್ಲೇ ಮಾಡಿಕೊಂಡರೆ ಏನಾದೀತು ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಿ. ಹ್ಯಾಂಡಲ್‌ಗೆ ಮಾತ್ರ ಯಾವ ಲೈಸೆನ್ಸೂ ಬೇಡ. ಆದರೆ ಅದರ ಫಲಕದಲ್ಲಿ ಬಿಯರಿನ ಹೆಸರಿರುತ್ತದೆ, ಆದ್ದರಿಂದ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ 'ಮುರುಗಲು ಸೋಡಾ' ಎಂದು ಬರೆದಿಡಿ. ಮಕ್ಕಳಿರುವ ಸಂಸಾರದವರು ಬಂದಾಗ ಮೊದಲು ಕೇಳುವುದೇ ಅದನ್ನು.

ಬ್ರೂವರಿಯ ಬಗ್ಗೆ ತಿಳಿದಿದ್ದರೆ ಹ್ಯಾಂಡಲ್‌ನ ಬೆಲೆ ಅರ್ಥವಾಗುತ್ತದೆ. ಜಾನ್ ಹಾಲ್ 1988ರಲ್ಲಿ ಶಿಕಾಗೋದ ಕ್ಲೈಬೋರ್ನ್ ಅವೆನ್ಯೂದಲ್ಲಿ ಪಬ್ ಆಗಿ ಶುರು ಮಾಡಿದ್ದು ಗೂಸ್ ಐಲ್ಯಾಂಡ್. ಹೆಸರು ಬಂದಿದ್ದು ಹತ್ತಿರದ ಶಿಕಾಗೋ ನದಿಯ ನಡುಗಡ್ಡೆಯಿಂದ. ಅವರ ಮಗ ಗ್ರೆಗ್ ಹಾಲ್ ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಹಳೆಯದಾಗಿಸಿದ ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡಿ ಹೆಸರಾದರು. 2011ರಲ್ಲಿ ದೊಡ್ಡ ಬಿಯರ್ ಕಂಪನಿ ಆನ್‌ಹೈಸರ್-ಬುಶ್ 3.88 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಅಮೆರಿಕದ ಬ್ರೂವರ್ಸ್ ಅಸೋಸಿಯೇಶನ್ ಲೆಕ್ಕದಲ್ಲಿ ಕ್ರಾಫ್ಟ್ (ಸಣ್ಣ, ಸ್ವತಂತ್ರ) ಬ್ರೂವರಿ ಎನಿಸಿಕೊಳ್ಳಲು, ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಯ ಪಾಲು ಶೇ 25ಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಅಂದಿನಿಂದ ಅದು ಆ ಪಟ್ಟಿಯಲ್ಲಿಲ್ಲ. ಶಿಕಾಗೋದ ಫೋನ್ ಕೋಡನ್ನೇ ಹೆಸರಾಗಿಟ್ಟುಕೊಂಡ 312 ಎಂಬ ಗೋಧಿ ಬಿಯರನ್ನು ಆಮೇಲೆ ನ್ಯೂಯಾರ್ಕ್ ರಾಜ್ಯದ ಬಾಲ್ಡ್‌ವಿನ್ಸ್‌ವಿಲ್‌ನಲ್ಲೂ ತಯಾರಿಸಿದರು. ಸಂಗ್ರಹಕಾರರಲ್ಲಿ ಕೆಲವರು 2011ಕ್ಕಿಂತ ಹಿಂದಿನ ಹ್ಯಾಂಡಲ್‌ಗಳನ್ನಷ್ಟೇ ಹುಡುಕುವುದು ಇದಕ್ಕೇ. ದಿನಬಳಕೆಗೆ ಈ ಭೇದ ಬೇಕಾಗಿಲ್ಲ. ಹಳೆಯದು ಕೈಗೆ ಸಿಕ್ಕರೆ ಅದನ್ನು ನಲ್ಲಿಗೆ ಹಾಕದೆ ಕಪಾಟಿನಲ್ಲಿಡಿ.

ಇನ್ನು ವಸ್ತು. ಮೇಲೆ ಹೆಬ್ಬಾತಿನ ತಲೆ, ಕೊಕ್ಕು ಮುಂದೆ, ಕೆಳಗೆ ನೀಳ ಕುತ್ತಿಗೆ, ಅದರ ಕೆಳಗೆ ಬಿಯರಿನ ಹೆಸರು. ಮೈ ರೆಸಿನ್ ಎರಕದ್ದು, ಮೇಲೆ ಬಣ್ಣ. ಬುಡದಲ್ಲಿ ಫೆರೂಲ್ ಎಂಬ ಲೋಹದ ಬಳೆ, ಅದರೊಳಗೆ ಮರೆ, ಅಂದರೆ ಸ್ಕ್ರೂವಿನ ಸುತ್ತು. ಫೆರೂಲನ್ನು ಮೈಗೆ ಕಚ್ಚಿಸಿರುವುದು ಒಳಗಿನ ಹ್ಯಾಂಗರ್ ಬೋಲ್ಟ್, ಎರಡೂ ತುದಿಗೆ ಮರೆಯಿರುವ ತಲೆಯಿಲ್ಲದ ಬೋಲ್ಟ್. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆಯಾದರೆ ಅಂಟುವುದಿಲ್ಲ, ಅಂಟಿದರೆ ಒಳಗೆ ಕಬ್ಬಿಣ ಇದೆ, ನಮ್ಮ ಕರಾವಳಿಯಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಆನ್‌ಲೈನ್ ಮಾರಾಟಗಾರರೊಬ್ಬರು 'ಅಸಲಿ' ಎಂದು ಕಳಿಸಿದ ಒಂದರ ಕುತ್ತಿಗೆಯ ಎರಡೂ ಬದಿಗೆ ಅಚ್ಚಿನ ಗೆರೆ ಉಬ್ಬಿಕೊಂಡಿತ್ತು, ಕೊಕ್ಕಿನ ಕೆಳಗೆ ಗಾಳಿಗುಳ್ಳೆಗಳಿದ್ದವು. ಫೋಟೋ ಕೇಳುವಾಗ ಈ ಎರಡು ಜಾಗ ಮತ್ತು ಬುಡದ ಮರೆ, ಮೂರನ್ನೂ ಕೇಳಿ.

ಮರೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಹೆಚ್ಚು ಜನ ಕೆಡಿಸಿಕೊಳ್ಳುವುದು ಇಲ್ಲೇ. ಅಮೆರಿಕದ ನಲ್ಲಿಗಳ ಲಿವರಿನ (ಹ್ಯಾಂಡಲ್ ಕೂರುವ ಕಡ್ಡಿಯ) ಮರೆ 3/8 ಇಂಚು, ಇಂಚಿಗೆ 16 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಎಂ10 ಎಂಬ ಮಿಲಿಮೀಟರ್ ಅಳತೆಯದು. ಕಣ್ಣಿಗೆ ಎರಡೂ ಒಂದೇ. ಅಳೆದರೆ ಅಮೆರಿಕದ್ದು 9.5 ಮಿ.ಮೀ., ಎಂ10ದು 10. ಎಂ10 ಬೋಲ್ಟನ್ನು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಹಿತ್ತಾಳೆಯ ಚೂರು ಉದುರುತ್ತದೆ, ಅಲ್ಲಿಗೆ ಫೆರೂಲ್ ಹೋಯಿತು. ಕೈಯಿಂದಲೇ ಐದಾರು ಸುತ್ತು ಸಲೀಸಾಗಿ ಹೋಗದಿದ್ದರೆ ನಿಲ್ಲಿಸಿಬಿಡಿ. ಹಳೆಯ ಅಂಗಡಿಯಲ್ಲಿ 'ಮೂರು ಸೂತಿನ ನಟ್ಟು' ಎಂದು ಕೇಳಿದರೆ ವಿಟ್‌ವರ್ತ್ ಮರೆಯದು ಸಿಗುತ್ತದೆ. ಅದಕ್ಕೂ ಇಂಚಿಗೆ 16 ಸುತ್ತೇ, ಮರೆಯ ಕೋನ ಮಾತ್ರ 60 ಡಿಗ್ರಿ ಬದಲು 55. ಲಾಕ್ ನಟ್ಟಾಗಿ ಬಳಸಲು ಅಡ್ಡಿಯಿಲ್ಲ.

ಲಾಕ್ ನಟ್ಟು ಯಾಕೆಂದರೆ, ಹ್ಯಾಂಡಲನ್ನು ಪೂರ್ತಿ ಬಿಗಿದಾಗ ಕೊಕ್ಕು ಎತ್ತಲೋ ತಿರುಗಿ ನಿಲ್ಲುತ್ತದೆ. ಮುಂದಕ್ಕೆ ತರಲು ಸಡಿಲಿಸಿದರೆ ಹ್ಯಾಂಡಲ್ ಅಲುಗಾಡುತ್ತದೆ. ಮೊದಲು ಲಿವರಿಗೆ ತೆಳು ನಟ್ಟು ಹಾಕಿ ಕೆಳಗಿಳಿಸಿ, ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿ, ಕೊಕ್ಕು ನೇರವಾಗುವಷ್ಟು ಹಿಂದೆ ತನ್ನಿ, ಆಮೇಲೆ ನಟ್ಟನ್ನು ಮೇಲಕ್ಕೆ ತಂದು ಫೆರೂಲಿಗೆ ಒತ್ತಿ ಬಿಗಿಯಿರಿ. ಲಿವರಿನ ಕನಿಷ್ಠ ನಾಲ್ಕೈದು ಸುತ್ತು ಫೆರೂಲಿನ ಒಳಗೇ ಉಳಿದಿರಬೇಕು.

ಎರಡನೆಯ ಸಮಸ್ಯೆ ತೂಕ. ಉದ್ದ, ತಲೆಭಾರದ ಎಲ್ಲ ಹ್ಯಾಂಡಲ್‌ಗಳಿಗೂ ಇದು ಇದ್ದದ್ದೇ. ಬಾರ್ ಕೌಂಟರಿನ ಕಂಬದಲ್ಲಿ ನಲ್ಲಿ ಸುರಿಯುವವನ ಕಡೆ ಇರುತ್ತದೆ, ಹ್ಯಾಂಡಲಿನ ಮುಖ ಗಿರಾಕಿಯ ಕಡೆ. ಕೊಕ್ಕಿನ ಭಾರ ನಲ್ಲಿಯನ್ನು ಮುಚ್ಚುವ ಕಡೆಗೇ ಬೀಳುತ್ತದೆ. ಮನೆಯಲ್ಲಿ ಫ್ರಿಜ್ ಬಾಗಿಲಿಗೆ ನಲ್ಲಿ ಕೂರಿಸಿದಾಗ ಮುಖವೂ ಮುಂದೆ, ಎಳೆಯುವುದೂ ಮುಂದಕ್ಕೆ. ಆಗ ಅದೇ ಭಾರ ನಲ್ಲಿಯನ್ನು ತೆರೆಯುತ್ತದೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ. ರಾತ್ರಿ ಯಾರೋ ಫ್ರಿಜ್ ಬಾಗಿಲು ಧಡಕ್ಕನೆ ಹಾಕಿದರೆ ಸಾಕು, ಹ್ಯಾಂಡಲ್ ಒಂದೆಳೆ ಮುಂದೆ ಬಾಗಿ, ಬೆಳಗಾಗುವಷ್ಟರಲ್ಲಿ ತೊಟ್ಟಿಕ್ಕಿ ಕೆಗ್ (ಪಾನೀಯ ತುಂಬಿದ ಸ್ಟೀಲ್ ಡ್ರಮ್) ಖಾಲಿಯಾಗಿರುತ್ತದೆ, ನೆಲದ ಮೇಲೆ ಇರುವೆ ಸಾಲು. ಪರಿಹಾರ ನಲ್ಲಿಯೊಳಗೆ ಕೂರುವ ಸ್ಟೀಲ್ ಸ್ಪ್ರಿಂಗ್, ಕೈ ಬಿಟ್ಟ ಕೂಡಲೇ ನಲ್ಲಿ ತಾನೇ ಮುಚ್ಚುತ್ತದೆ. ಕೆಗ್ಗಿಗೆ ಬರುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಂದ್ ಮಾಡಿ, ಒತ್ತಡ ಬಿಟ್ಟು, ನಲ್ಲಿಯನ್ನು ಬಿಚ್ಚಿ ಹಿಂಬದಿಯಿಂದ ಹಾಕಬೇಕು. ನಿಮ್ಮ ನಲ್ಲಿಯ ಮಾದರಿಗೆ ಮಾಡಿದ್ದನ್ನೇ ತರಿಸಿ. ಇಡೀ ವ್ಯವಸ್ಥೆಯಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಉಪಯೋಗವಾದದ್ದು ಈ ಪುಟ್ಟ ಸ್ಪ್ರಿಂಗೇ.

ಮುರುಗಲು ಹುಳಿ ಪದಾರ್ಥ. ಕ್ರೋಮ್ ಬಳಿದ ಹಿತ್ತಾಳೆ ನಲ್ಲಿಯಲ್ಲಿ ಲೇಪ ಸವೆದಲ್ಲಿ ಹುಳಿ ಲೋಹವನ್ನು ತಿನ್ನುತ್ತದೆ, ಪಾನಕಕ್ಕೆ ಲೋಹದ ರುಚಿ ಬರುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ನಲ್ಲಿ ಬಿಟ್ಟು ಬೇರೆ ಬೇಡ. ಅದರಲ್ಲೂ ಮುಂಬದಿಯಲ್ಲಿ ಮುಚ್ಚಿಕೊಳ್ಳುವ ಬಗೆಯದು. ಹಿಂಬದಿಯಲ್ಲಿ ಮುಚ್ಚುವ ಹಳೆಯ ಬಗೆಯಲ್ಲಿ ಪ್ರತಿ ಲೋಟದ ನಂತರ ಒಳಗೆ ತೇವ ಉಳಿದು, ಗಾಳಿಗೆ ಒಣಗಿ, ಸಕ್ಕರೆ ಕಚ್ಚಿಕೊಳ್ಳುತ್ತದೆ. ಮರುದಿನ ನಲ್ಲಿ ಅಲುಗುವುದಿಲ್ಲ. ಬಂದ ಅತಿಥಿ ಹೆಬ್ಬಾತಿನ ತಲೆ ಹಿಡಿದು ಜಗ್ಗುತ್ತಾರೆ. ಒಂದಡಿ ಉದ್ದದ ಸನ್ನೆಕೋಲಿನ ಬಲವೆಲ್ಲ ಬುಡದ ಹ್ಯಾಂಗರ್ ಬೋಲ್ಟಿನ ಮೇಲೆ ಬಿದ್ದು ರೆಸಿನ್ ಬಿರುಕು ಬಿಡುತ್ತದೆ. ಆದ್ದರಿಂದ ಹ್ಯಾಂಡಲಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವುದನ್ನು ರೂಢಿ ಮಾಡಿಸಿ. ಬೋಲ್ಟ್ ಸಡಿಲವಾದರೆ ಹೊರತೆಗೆದು, ತೂತಿನ ಪುಡಿ ಕೆರೆದು, ಎರಡು ಟ್ಯೂಬಿನ ಅರಾಲ್ಡೈಟ್ ಸಮಪಾಲು ಕಲಸಿ ಕೂರಿಸಿ, 24 ತಾಸು ಮುಟ್ಟಬೇಡಿ. ಬೇಗ ಒಣಗುವ ಐದು ನಿಮಿಷದ ಅಂಟು ಈ ಜಾಗಕ್ಕೆ ಸಾಲದು.

19 ಲೀಟರ್ ಕೆಗ್ಗಿಗೆ 3 ಲೀಟರ್ ಮುರುಗಲು ಪಾಕ, 14 ಲೀಟರ್ ತಣ್ಣಗಿನ ಶೋಧಿಸಿದ ನೀರು. ಪಾಕವನ್ನು ತೆಳು ಪಂಚೆಯ ಎರಡು ಮಡಿಕೆಯಲ್ಲಿ ಸೋಸಲೇಬೇಕು, ಸಿಪ್ಪೆಯ ಎಳೆ ಕೆಗ್ಗಿನ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಗ್ಯಾಸ್ ಸೋರುತ್ತದೆ. ಉಪ್ಪನ್ನು, ಜೀರಿಗೆಯನ್ನು ಕೆಗ್ಗಿಗೆ ಹಾಕಬೇಡಿ. ಹುಳಿಯ ಜೊತೆ ಉಪ್ಪು ಸೇರಿದರೆ 304 ಸ್ಟೀಲಿಗೂ ಸೂಜಿಮೊನೆಯಂಥ ತೂತು ಬೀಳುತ್ತದೆ. ಎರಡನ್ನೂ ಲೋಟಕ್ಕೆ ಹಾಕಿ. 4 ಡಿಗ್ರಿ ತಣ್ಣಗಿಟ್ಟು 30 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ನಾಲ್ಕೈದು ದಿನ ಬಿಟ್ಟರೆ ಸೋಡಾ ಚೆನ್ನಾಗಿ ಹಿಡಿಯುತ್ತದೆ. ಬಿಯರಿಗೆ 12 ಪಿಎಸ್‌ಐ, ಹತ್ತು ಅಡಿ ಪೈಪು ಸಾಕು. ಸೋಡಾಕ್ಕೆ 5 ಮಿ.ಮೀ. ಒಳವ್ಯಾಸದ ಪೈಪು 20ರಿಂದ 25 ಅಡಿ ಬೇಕು, ಇಲ್ಲದಿದ್ದರೆ ಲೋಟಕ್ಕೆ ಬರುವುದೆಲ್ಲ ನೊರೆ. ಆಗಲೂ ಜನ ಹ್ಯಾಂಡಲನ್ನೇ ಬೈಯುತ್ತಾರೆ, ತಪ್ಪು ಪೈಪಿನದು. ಸಿಲಿಕೋನ್ ಪೈಪು ಬೇಡ, ಅದರ ಗೋಡೆಯಿಂದಲೇ ಗ್ಯಾಸ್ ಹೊರಹೋಗುತ್ತದೆ.

ಎರಡು ವಾರಕ್ಕೊಮ್ಮೆ ಪೈಪು ತೊಳೆಯುವಾಗ ಮುರುಗಲಿನ ಬಣ್ಣವೇ ಪರೀಕ್ಷೆ. ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾ ಬಿಟ್ಟಾಗ ಒಳಗೆ ರಸ ಉಳಿದಿದ್ದರೆ ಕೆಂಪು ಹೋಗಿ ನೀಲಿ-ಹಸಿರು ಛಾಯೆಯ ನೀರು ಬರುತ್ತದೆ. ಬಣ್ಣವಿಲ್ಲದ ನೀರು ಬರುವವರೆಗೆ ಬಿಡಿ, ಕೊನೆಗೆ ಬರೀ ನೀರು ಹಾಯಿಸಿ. ವಾಷಿಂಗ್ ಸೋಡಾದ ನೀರು ಹ್ಯಾಂಡಲಿನ ಬಣ್ಣಕ್ಕೆ ತಾಗದಂತೆ ಅದನ್ನು ಮೊದಲೇ ಬಿಚ್ಚಿಡಿ.

ಬಣ್ಣದ ಬಗ್ಗೆ ಹೇಳುವುದಾದರೆ, ಒಳಾಂಗಣಕ್ಕೆಂದು ಮಾಡಿದ ಯಾವ ಹ್ಯಾಂಡಲೂ ಕಡಲಿನ ಗಾಳಿಗೆ ಸಿದ್ಧವಾಗಿರುವುದಿಲ್ಲ. ಮೊದಲ ಮಳೆಗಾಲ ನಲ್ಲಿಯ ಮೇಲೇ ಬಿಟ್ಟಾಗ ಫೆರೂಲಿನ ಅಂಚಿಗೆ ಹಸಿರು ಕಿಲುಬು ಬಂತು, ಕುತ್ತಿಗೆಯ ಬಿರುಕಿನ ಸುತ್ತ ಬಣ್ಣ ಉಗುರಿಗೆ ಏಳತೊಡಗಿತು. ಎರಡನೆಯ ವರ್ಷದಿಂದ ಜೂನ್ ಮೊದಲ ವಾರ ಬಿಚ್ಚಿ, ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿ, ಫೆರೂಲಿಗೆ ಒಂದು ಹನಿ ವ್ಯಾಸಲೀನ್ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡುವುದಾಯಿತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಒಳಗೇ ಬೆವರುತ್ತದೆ. ನವರಾತ್ರಿಯ ಹೊತ್ತಿಗೆ ಮತ್ತೆ ಹಾಕುವುದು. ಆಮೇಲೆ ಹೊಸ ಬಿರುಕು ಬಂದಿಲ್ಲ.

ಮಳೆಗಾಲದ ತಿಂಗಳುಗಳಿಗೆ ಶಿರಸಿ, ಕುಮಟಾ ಕಡೆಯ ಗುಡಿಗಾರರಿಂದ ಶಿವಣೆ ಮರದ ಐದು ಇಂಚಿನ ಮೋಟು ಹ್ಯಾಂಡಲ್ ಕೆತ್ತಿಸಿಕೊಳ್ಳಬಹುದು. ಮರ ಹಗುರ, ತಲೆಭಾರವಿಲ್ಲ. ನೀವು ಕೊಡಬೇಕಾದ್ದು 3/8-16 ಮರೆಯ ಹಿತ್ತಾಳೆ ಫೆರೂಲ್ ಮತ್ತು ಹ್ಯಾಂಗರ್ ಬೋಲ್ಟ್. ತೂತು ನಟ್ಟನಡುವೆ, ನೇರವಾಗಿ ಬರಲಿ ಎಂದು ಮೊದಲೇ ಹೇಳಿ. ಸ್ವಲ್ಪ ವಾಲಿದರೂ ಹ್ಯಾಂಡಲ್ ನಲ್ಲಿಯ ಮೇಲೆ ಸೊಟ್ಟಗೆ ಕಾಣುತ್ತದೆ.